ಅಮೆರಿಕದಿಂದ ಬಂದ ಡಿವಿಡಿ ಕೆಟ್ಟಿಲ್ಲ, ಎಸೀಬೇಡಿ

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಪುಣೆಯಿಂದ ಮಾತಾಡ್ತಾ ಇದ್ದೀನಿ. ಮಧ್ಯದಲ್ಲಿ ಕುಕ್ಕರ್ ಸೀಟಿ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ, ಭಾನುವಾರ ಬೆಳಿಗ್ಗೆ ಬಿಟ್ಟರೆ ನನಗೆ ಬೇರೆ ಪುರುಸೊತ್ತಿಲ್ಲ.

ಹೋದ ಸಲ ಹಳೇ ಆಡಿಯೋ ಕ್ಯಾಸೆಟ್‌ಗಳನ್ನ ಕಂಪ್ಯೂಟರಿಗೆ ಹಾಕೋದು ಹೇಗೆ ಅಂತ ಮಾತಾಡಿದ್ವಿ. ಅದನ್ನ ನೋಡಿ ಚೆನ್ನೈನಿಂದ ಒಬ್ಬರು ಕೇಳಿದ್ರು: "ಮೇಡಂ, ತಮ್ಮ ಅಮೆರಿಕದಲ್ಲಿದ್ದಾನೆ. ಅವನ ಮದುವೆ ರಿಸೆಪ್ಷನ್ ಡಿವಿಡಿ ಕಳಿಸಿದ್ದ. ಇಲ್ಲಿ ಟಿವಿಯಲ್ಲಿ ಬರಲೇ ಇಲ್ಲ. ಫಾರಿನ್ ಫಾರ್ಮ್ಯಾಟ್ ಅಂದ್ರು. ಹಾಗೇ ಇಟ್ಟಿದ್ದೀವಿ. ಏನಾದ್ರೂ ಮಾಡಬಹುದಾ?"

ಈ "ಫಾರಿನ್ ಫಾರ್ಮ್ಯಾಟ್" ಅನ್ನೋ ಮಾತು ಕೇಳಿದರೆ ನನಗೆ ಹೊಟ್ಟೆ ಉರೀತದೆ. ಯಾಕೆ ಅಂತ ಮೊದಲು ಹೇಳ್ತೀನಿ, ಆಮೇಲೆ ಕೆಲಸದ ವಿಷಯಕ್ಕೆ ಬರ್ತೀನಿ.

ನಮ್ಮದು ಮೂಲ ಧಾರವಾಡ. ಅಪ್ಪ ಅಲ್ಲೇ ಶಾಲೆಯಲ್ಲಿ ಗಣಿತದ ಮೇಷ್ಟ್ರು. 2006ರಲ್ಲಿ ಅಪ್ಪ-ಅವ್ವ ಆರು ತಿಂಗಳು ನ್ಯೂಜೆರ್ಸಿಗೆ ಅಕ್ಕನ ಮನೆಗೆ ಹೋಗಿದ್ರು. ಭಾವ ಆಗಷ್ಟೇ ಹೊಸ ಕ್ಯಾಮರಾ ತಗೊಂಡಿದ್ರು. ಅಂಗೈಯಗಲದ ಸಣ್ಣ ಡಿವಿಡಿ ಹಾಕಿ ಅದರ ಮೇಲೇ ಶೂಟ್ ಮಾಡೋ ಕ್ಯಾಮರಾ, ನೆನಪಿದೆಯಾ? ಅಪ್ಪ ವಾಪಸ್ ಬರುವಾಗ ಅಂಥ ಮೂರು ಡಿಸ್ಕ್ ತಂದ್ರು. ಪುಣೆಯಲ್ಲಿ ನಮ್ಮ ಮನೆಯ ಪ್ಲೇಯರಿಗೆ ಹಾಕಿದ್ವಿ. ಮೊದಲ ಎರಡರಲ್ಲಿ ಚಿತ್ರ ಕಪ್ಪು-ಬಿಳುಪಾಗಿ ಮೇಲಕ್ಕೆ ಮೇಲಕ್ಕೆ ಉರುಳ್ತಾ ಇತ್ತು. ಮೂರನೇದು "ನೋ ಡಿಸ್ಕ್" ಅಂತು. ಪ್ಲೇಯರ್ ಕೊಂಡ ಅಂಗಡಿಯವರು ನೋಡಿ, "ಫಾರಿನ್ ಫಾರ್ಮ್ಯಾಟ್, ಇಲ್ಲಿ ನಡೆಯಲ್ಲ, ಮೂರನೇದು ಖಾಲಿ ಇದೆ" ಅಂದ್ರು. ನಾವೂ ನಂಬಿದ್ವಿ. ಸೀರೆ ಇಡೋ ಕಪಾಟಿನಲ್ಲಿ ಇಟ್ವಿ. 2011ರಲ್ಲಿ ಅಪ್ಪ ಹೋದ್ರು. ಡಿಸ್ಕ್‌ಗಳು ಕಪಾಟಿನಲ್ಲೇ ಇದ್ದವು.

ಅವು ಕೆಟ್ಟಿರಲಿಲ್ಲ. ಕೆಟ್ಟಿದ್ದು ನಮ್ಮ ತಿಳಿವಳಿಕೆ.

ಎರಡು ಗೋಡೆ, ಒಂದೇ ಅಲ್ಲ

"ಫಾರಿನ್ ಫಾರ್ಮ್ಯಾಟ್" ಅಂತ ನಾವು ಒಟ್ಟಿಗೆ ಹೇಳೋದು ಎರಡು ಬೇರೆ ಬೇರೆ ವಿಷಯ. ಇದೊಂದು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗೀತು.

ಮೊದಲನೇದು ಟಿವಿ ಪದ್ಧತಿ. ಅಮೆರಿಕ, ಕೆನಡಾ, ಜಪಾನ್‌ಗಳಲ್ಲಿ ಎನ್‌ಟಿಎಸ್‌ಸಿ. ನಮ್ಮಲ್ಲಿ, ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಪಾಲ್. 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ವರ್ಷ, ದೂರದರ್ಶನಕ್ಕೆ ಬಣ್ಣ ಬಂತಲ್ಲ, ಆ ಬಣ್ಣ ಪಾಲ್ ಪದ್ಧತಿಯದ್ದು. ಇವುಗಳ ಮೂಲ ಇರೋದು ಕರೆಂಟಿನಲ್ಲಿ. ಅಮೆರಿಕದ ಕರೆಂಟ್ ಸೆಕೆಂಡಿಗೆ 60 ಸಲ ಹೊಯ್ದಾಡ್ತದೆ, ನಮ್ಮದು 50 ಸಲ. ಹಳೇ ಕಾಲದ ಟಿವಿಗಳು ಚಿತ್ರದ ವೇಗವನ್ನ ಅದಕ್ಕೆ ಹೊಂದಿಸಿಕೊಂಡವು. ಹಾಗಾಗಿ ಎನ್‌ಟಿಎಸ್‌ಸಿ ಡಿವಿಡಿಯಲ್ಲಿ ಸೆಕೆಂಡಿಗೆ 29.97 ಚಿತ್ರ, ಪ್ರತಿ ಚಿತ್ರ 720ಕ್ಕೆ 480 ಚುಕ್ಕೆ. ಪಾಲ್ ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರ, 720ಕ್ಕೆ 576 ಚುಕ್ಕೆ. ಪಾಲ್ ಮಾತ್ರ ಗೊತ್ತಿದ್ದ ನಮ್ಮ ಹಳೇ ಡಬ್ಬಾ ಟಿವಿಗೆ ಎನ್‌ಟಿಎಸ್‌ಸಿ ಕೊಟ್ಟರೆ ಬಣ್ಣ ಹೋಗ್ತದೆ, ಚಿತ್ರ ಉರುಳ್ತದೆ. ನಮ್ಮ ಮನೇಲಿ ಆಗಿದ್ದು ಇದೇ.

ಎರಡನೇದು ರೀಜನ್ ಕೋಡ್. ಇದು ವ್ಯಾಪಾರದ ಗೋಡೆ. ಸಿನಿಮಾ ಕಂಪನಿಗಳು ಜಗತ್ತನ್ನ ಭಾಗ ಮಾಡಿದವು. ಅಮೆರಿಕ-ಕೆನಡಾ 1. ಯುರೋಪು, ಜಪಾನ್, ಮಧ್ಯಪ್ರಾಚ್ಯ 2. ಆಗ್ನೇಯ ಏಷ್ಯಾ, ಕೊರಿಯಾ 3. ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ 4. ನಾವು, ರಷ್ಯಾ, ಆಫ್ರಿಕಾದ ಬಹುಭಾಗ 5. ಚೀನಾ 6. ಅಮೆರಿಕದಲ್ಲಿ ಬಿಡುಗಡೆಯಾದ ಸಿನಿಮಾ ಡಿಸ್ಕ್ ಇಲ್ಲಿಯ ಪ್ಲೇಯರಿನಲ್ಲಿ ಓಡಬಾರದು ಅನ್ನೋದೇ ಇದರ ಉದ್ದೇಶ.

ಎರಡೂ ಬೇರೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಇಂಗ್ಲೆಂಡ್, ಜಪಾನ್ ಎರಡೂ ರೀಜನ್ 2. ಆದರೆ ಇಂಗ್ಲೆಂಡ್ ಪಾಲ್, ಜಪಾನ್ ಎನ್‌ಟಿಎಸ್‌ಸಿ. ನಮ್ಮದೇ ಸಿನಿಮಾಗಳ ಡಿವಿಡಿಗಳನ್ನ ನೋಡಿ. ವಿದೇಶದ ಭಾರತೀಯರಿಗೂ ಮಾರೋದಿರ್ತಿತ್ತಲ್ಲ, ಅದಕ್ಕೇ ಎಷ್ಟೋ ಡಿಸ್ಕ್‌ಗಳ ಮೇಲೆ "ಎನ್‌ಟಿಎಸ್‌ಸಿ, ಆಲ್ ರೀಜನ್ಸ್" ಅಂತ ಬರೆದಿರ್ತದೆ.

ಈಗ ಮುಖ್ಯ ಮಾತು, ಇದನ್ನ ಬರ್ಕೊಳ್ಳಿ. ಕಂಪ್ಯೂಟರಿಗೆ ಮೊದಲನೇ ಗೋಡೆ ಗೋಡೆಯೇ ಅಲ್ಲ. ಪಾಲ್ ಆಗಲಿ ಎನ್‌ಟಿಎಸ್‌ಸಿ ಆಗಲಿ ಅದಕ್ಕೆ ಬರೀ ಒಂದು ವಿಡಿಯೋ ಫೈಲ್. ಎರಡನೇ ಗೋಡೆ ಇರೋದು ಅಂಗಡಿಯಲ್ಲಿ ಮಾರೋ ಸಿನಿಮಾ ಡಿಸ್ಕ್‌ಗೆ ಮಾತ್ರ. ಮನೆಯ ಕ್ಯಾಮರಾದಲ್ಲಿ ತೆಗೆದದ್ದು, ಅಲ್ಲಿಯ ಸ್ಟುಡಿಯೋದವರು ಮದುವೆ, ಸೀಮಂತ, ಆರಂಗೇಟ್ರಂ ಶೂಟ್ ಮಾಡಿ ಬರೆದುಕೊಟ್ಟದ್ದು, ಇಂಥವುಗಳಲ್ಲಿ ಸಾಮಾನ್ಯವಾಗಿ ರೀಜನ್ ಕೋಡೂ ಇರಲ್ಲ, ಬೀಗವೂ ಇರಲ್ಲ. ಅಂದರೆ ಚೆನ್ನೈನವರ ತಮ್ಮನ ರಿಸೆಪ್ಷನ್‌ಗೆ ಕಂಪ್ಯೂಟರಿನಲ್ಲಿ ಯಾವ ಅಡ್ಡಿಯೂ ಇಲ್ಲ.

ಕಂಪ್ಯೂಟರಿನಲ್ಲಿ ನೋಡೋದು

ಮೊದಲು ಡ್ರೈವ್ ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರಲ್ಲ. ಯುಎಸ್‌ಬಿಗೆ ಚುಚ್ಚೋ ಎಕ್ಸ್‌ಟರ್ನಲ್ ಡಿವಿಡಿ ಡ್ರೈವ್ ಈಗಲೂ ಸಿಗ್ತದೆ. ದುಡ್ಡು ಹಾಕೋದು ಬೇಡ ಅಂದರೆ ನಿಮ್ಮ ಕನ್ನಡ ಸಂಘದಲ್ಲೋ ಸೊಸೈಟಿಯಲ್ಲೋ ಹಳೇ ಡೆಸ್ಕ್‌ಟಾಪ್ ಇರೋರನ್ನ ಕೇಳಿ. ಒಂದು ಎಚ್ಚರಿಕೆ: ಕ್ಯಾಮರಾದ ಸಣ್ಣ ಡಿಸ್ಕ್‌ಗಳನ್ನ, 8 ಸೆಂಟಿಮೀಟರಿನವು, ಬಾಯೊಳಗೆ ನುಂಗೋ ಥರದ ಡ್ರೈವ್‌ಗೆ ಹಾಕಬೇಡಿ. ಹಳೇ ಮ್ಯಾಕ್‌ಗಳಲ್ಲಿ, ಕಾರ್ ಸ್ಟೀರಿಯೋದಲ್ಲಿ ಅಂಥದ್ದು ಇರ್ತದೆ. ಸಣ್ಣ ಡಿಸ್ಕ್ ಒಳಗೇ ಸಿಕ್ಕಿಹಾಕಿಕೊಳ್ತದೆ. ತಟ್ಟೆ ಹೊರಗೆ ಬರೋ ಡ್ರೈವೇ ಬೇಕು.

ಆಮೇಲೆ ಸಾಫ್ಟ್‌ವೇರ್. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಓಡಿಸೋ ಸವಲತ್ತು ವಿಂಡೋಸ್ ಜೊತೆ ಬರಲ್ಲ. ಎಷ್ಟೋ ಜನ ಇಲ್ಲೇ ಮೋಸ ಹೋಗ್ತಾರೆ. ಡಿಸ್ಕ್ ಹಾಕ್ತಾರೆ, ಏನೂ ಆಗಲ್ಲ, "ನೋಡಿ, ಫಾರಿನ್ ಫಾರ್ಮ್ಯಾಟ್" ಅಂತಾರೆ. ವಿಎಲ್‌ಸಿ ಹಾಕ್ಕೊಳ್ಳಿ. ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಅದರಲ್ಲಿ ಮೀಡಿಯಾ, ಓಪನ್ ಡಿಸ್ಕ್, ಡಿವಿಡಿ, ಪ್ಲೇ, ಅಷ್ಟೇ. ಮೆನುವಿನಲ್ಲಿ ನಿಂತುಹೋದರೆ "ನೋ ಡಿಸ್ಕ್ ಮೆನೂಸ್" ಅನ್ನೋದಕ್ಕೆ ಟಿಕ್ ಮಾಡಿ ಮತ್ತೆ ಒತ್ತಿ. ಯಾರಾದರೂ ಕೈ ಆಡಿಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಂಡರೆ ಗಾಬರಿ ಆಗಬೇಡಿ. ಹಳೇ ಟಿವಿಗೆ ಅಂತ ಒಂದೊಂದು ಚಿತ್ರವನ್ನೂ ಎರಡು ಪಾಲು ಮಾಡಿ ತೆಗೆದದ್ದು ಅದು. ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಅನ್ನೋದನ್ನ ಆನ್ ಮಾಡಿದರೆ ಹೋಗ್ತದೆ.

ಇನ್ನು ಅಂಗಡಿಯಿಂದ ಕೊಂಡ ರೀಜನ್ 1ರ ಸಿನಿಮಾ ಡಿಸ್ಕ್ ಇದ್ದರೆ? 2000ದಿಂದ ಈಚೆಗೆ ಬಂದ ಡ್ರೈವ್‌ಗಳಲ್ಲಿ ರೀಜನ್ ನಂಬರನ್ನ ಡ್ರೈವೇ ನೆನಪಿಟ್ಟುಕೊಂಡಿರ್ತದೆ. ಅದನ್ನ ನಾವು ಒಟ್ಟು ಐದು ಸಲ ಬದಲಾಯಿಸಬಹುದು. ಐದನೇದು ಮುಗಿದರೆ ಅಲ್ಲಿಗೆ ಬೀಗ. ಆಮೇಲೆ ವಿಂಡೋಸ್ ತೆಗೆದು ಮತ್ತೆ ಹಾಕಿದರೂ ಬರಲ್ಲ, ಯಾಕಂದರೆ ಲೆಕ್ಕ ಇರೋದು ಡ್ರೈವ್ ಒಳಗೆ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವ್ ಮೇಲೆ ಪ್ರಾಪರ್ಟೀಸ್ ತೆಗೆದರೆ "ಡಿವಿಡಿ ರೀಜನ್" ಅಂತ ಒಂದು ಹಾಳೆ ಕಾಣ್ತದೆ, ಎಷ್ಟು ಸಲ ಉಳಿದಿದೆ ಅಂತ ಅಲ್ಲೇ ಇರ್ತದೆ. ಮಕ್ಕಳು "ರೀಜನ್ ಬದಲಿಸಲೇ?" ಅನ್ನೋ ಪ್ರಶ್ನೆಗೆ ಸುಮ್ಮಸುಮ್ಮನೆ ಓಕೆ ಒತ್ತೋದನ್ನ ತಡೀರಿ. ಮನೇಲಿ ಅಮೆರಿಕದ ಡಿಸ್ಕ್‌ಗಳು ಬಹಳ ಇದ್ದರೆ, ಒಂದು ಅಗ್ಗದ ಯುಎಸ್‌ಬಿ ಡ್ರೈವನ್ನ ರೀಜನ್ 1ಕ್ಕೆ ಹಾಕಿ ಅದನ್ನ ಅದಕ್ಕೇ ಮೀಸಲಿಡೋದು ಸರಳ ದಾರಿ.

ಖಾಲಿ ಅಂತ ತೋರಿಸಿದ ಡಿಸ್ಕ್

ಈಗ ನಮ್ಮ ಮೂರು ಡಿಸ್ಕ್‌ಗಳ ಕಥೆಗೆ ಬರೋಣ. 2022ರಲ್ಲಿ ಮಗ ಕಾಲೇಜಿನ ಕೆಲಸಕ್ಕೆ ಅಂತ ಯುಎಸ್‌ಬಿ ಡ್ರೈವ್ ತಂದಿದ್ದ. ಕಪಾಟು ಒರೆಸ್ತಾ ಇದ್ದೆ, ಡಿಸ್ಕ್ ಕೈಗೆ ಸಿಕ್ಕವು. "ಹಾಕಿ ನೋಡೋಣ ಕೊಡಮ್ಮ" ಅಂದ. ಮೊದಲನೇದು ಹಾಕಿದ. ಹತ್ತು ಸೆಕೆಂಡ್ ಕೂಡ ಆಗಲಿಲ್ಲ. ಅಪ್ಪ ಕೋಟು, ಮಫ್ಲರ್ ಸುತ್ತಿಕೊಂಡು ಹಿಮದಲ್ಲಿ ನಿಂತು, "ನೋಡವಾ, ಎಲ್ಲಾ ಹೆಂಗ ಬೆಳ್ಳಗ ಆಗೇತಿ, ಥಂಡಿ ಅಂದ್ರ ಥಂಡಿ" ಅಂತಿದ್ದಾರೆ. ಹದಿನಾರು ವರ್ಷ ಆ ದನಿ ನಮ್ಮ ಮನೇಲೇ ಸೀರೆಗಳ ಕೆಳಗೆ ಇತ್ತು. ಅವ್ವ ಒಳಗಿನಿಂದ ಓಡಿ ಬಂದಳು. ಏನೂ ಮಾತಾಡಲಿಲ್ಲ, ಕುರ್ಚಿ ಎಳ್ಕೊಂಡು ಕೂತಳು.

ಎರಡನೇದೂ ಬಂತು. ಮೂರನೇದು ಹಾಕಿದಾಗ ವಿಂಡೋಸ್ ಒಂದು ಪ್ರಶ್ನೆ ಕೇಳ್ತು: "ಈ ಡಿಸ್ಕನ್ನ ಹೇಗೆ ಬಳಸ್ತೀರಿ?" ಖಾಲಿ ಡಿಸ್ಕ್ ಹಾಕಿದಾಗ ಕೇಳೋ ಪ್ರಶ್ನೆ ಅದು. ಮಗನ ಕೈ ಮೌಸ್ ಮೇಲಿತ್ತು. ಸದ್ಯ ಒತ್ತಲಿಲ್ಲ.

ಡಿಸ್ಕ್ ತೆಗೆದು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ್ವಿ. ನೀವೂ ಹೀಗೇ ಮಾಡಿ. ಬರೆದ ಭಾಗ ಒಂದು ಛಾಯೆ, ಬರೆಯದ ಭಾಗ ಇನ್ನೊಂದು ಛಾಯೆ ಇರ್ತದೆ, ನಡುವೆ ಒಂದು ವೃತ್ತದ ಗೆರೆ. ಬರವಣಿಗೆ ಮಧ್ಯದಿಂದ ಹೊರಗೆ ಹೋಗ್ತದೆ. ನಮ್ಮ ಡಿಸ್ಕಿನಲ್ಲಿ ಆ ಗೆರೆ ಹೆಚ್ಚುಕಡಿಮೆ ಅಂಚಿನ ತನಕ ಹೋಗಿತ್ತು. ಅಂದರೆ ಡಿಸ್ಕ್ ಖಾಲಿ ಅಲ್ಲ, ತುಂಬಿದೆ.

ಏನಾಗಿತ್ತು ಅಂದರೆ, ಆ ಕ್ಯಾಮರಾಗಳಲ್ಲಿ ಶೂಟ್ ಮುಗಿದ ಮೇಲೆ ಫೈನಲೈಜ್ ಅಂತ ಒಂದು ಕೆಲಸ ಮಾಡಬೇಕು. ಪುಸ್ತಕ ಬರೆದು ಕೊನೆಗೆ ಪರಿವಿಡಿ ಹಾಕಿದ ಹಾಗೆ. ಅದಿಲ್ಲದಿದ್ದರೆ ಬೇರೆ ಪ್ಲೇಯರಿಗೆ ಎಲ್ಲಿಂದ ಓದಬೇಕು ಅಂತಲೇ ತಿಳಿಯಲ್ಲ, ಖಾಲಿ ಅಂತ ತೋರಿಸ್ತದೆ. ಅಪ್ಪ ಹೊರಡೋ ಗಡಿಬಿಡಿಯಲ್ಲಿ ಭಾವ ಮೂರನೇದನ್ನ ಫೈನಲೈಜ್ ಮಾಡೋದು ಮರೆತಿದ್ರು.

ಇಂಥ ಡಿಸ್ಕ್‌ಗೆ ಒಳ್ಳೇ ಮದ್ದು ಒಂದೇ: ಶೂಟ್ ಮಾಡಿದ ಅದೇ ಕ್ಯಾಮರಾ, ಇಲ್ಲದಿದ್ದರೆ ಅದೇ ಮಾಡೆಲ್. ಅದರಲ್ಲಿ ಹಾಕಿ, ಬ್ಯಾಟರಿ ನಂಬದೆ ಅಡಾಪ್ಟರ್ ಚುಚ್ಚಿ, ಫೈನಲೈಜ್ ಒತ್ತಿ. ನಡುವೆ ಅಲುಗಾಡಿಸಬಾರದು. ಕ್ಯಾಮರಾ ಇಲ್ಲ ಅಂದರೆ ಐಸೋಬಸ್ಟರ್ ಥರದ ಸಾಫ್ಟ್‌ವೇರ್ ಇದೆ. ಫೈನಲೈಜ್ ಆಗದ ಡಿಸ್ಕ್‌ನಿಂದಲೂ ಎಷ್ಟೋ ಸಲ ವಿಡಿಯೋ ಎತ್ತಿಕೊಡ್ತದೆ, ಆದರೆ ನಿಮ್ಮ ಡ್ರೈವ್ ಅದನ್ನ ಓದಬೇಕು. ನಮ್ಮ ಡ್ರೈವ್ ಓದಲಿಲ್ಲ. ಏನೇ ಆಗಲಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಅದೊಂದು ಒತ್ತಿದರೆ ಇರೋದೂ ಹೋಗಬಹುದು.

ಪರಿವರ್ತನೆ ಮಾಡೋದು

ಒಂದು ಸಲ ನೋಡಿ ಖುಷಿಪಟ್ಟರೆ ಸಾಲದು, ಡಿಸ್ಕಿನಿಂದ ಹೊರಗೆ ತೆಗೀಬೇಕು. ಯಾಕಂದರೆ ಅಂಗಡಿಯ ಡಿಸ್ಕ್ ಅಚ್ಚು ಒತ್ತಿದ್ದು, ಮನೇಲಿ ಬರೆದ ಡಿಸ್ಕ್ ಹಾಗಲ್ಲ. ಬಹುಪಾಲು ಇಂಥವುಗಳಲ್ಲಿ ಒಂದು ಬಣ್ಣದ ಪದರ ಇರ್ತದೆ, ಲೇಸರ್ ಅದರ ಮೇಲೆ ಗುರುತು ಮಾಡಿರ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಪದರ ಮಾಸ್ತದೆ. ಮುಂಬೈ, ಚೆನ್ನೈ ಹವೆ ನಿಮಗೆ ನಾನು ಹೇಳಬೇಕಾ?

ಮೊದಲ ಹೆಜ್ಜೆ, ಒರೆಸೋದು. ಮೆತ್ತನೆ ಹತ್ತಿ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ. ತಟ್ಟೆ ತೊಳೆದ ಹಾಗೆ ಸುತ್ತ ಉಜ್ಜಬೇಡಿ.

ಎರಡನೇ ಹೆಜ್ಜೆ, ಇದ್ದದ್ದನ್ನ ಇದ್ದ ಹಾಗೇ ಕಾಪಿ. ಡಿಸ್ಕ್ ತೆರೆದರೆ "ವಿಡಿಯೋ ಟಿಎಸ್" ಅನ್ನೋ ಫೋಲ್ಡರ್ ಕಾಣ್ತದೆ, ಅದರೊಳಗೆ ವಿಒಬಿ ಫೈಲ್‌ಗಳು. ಒಂದೊಂದೂ ಹೆಚ್ಚೆಂದರೆ 1 ಜಿಬಿ. ದೊಡ್ಡ ವಿಡಿಯೋ ತುಂಡಾಗಿರ್ತದೆ, ಅದು ಸಹಜ. ಇಡೀ ಫೋಲ್ಡರನ್ನ ಹಾಗೇ ಹಾರ್ಡ್ ಡಿಸ್ಕಿಗೆ ಎಳೀರಿ. ಸಣ್ಣ ಡಿಸ್ಕ್ 1.4 ಜಿಬಿ, ದೊಡ್ಡದು 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಈಗಿನ ಹಾರ್ಡ್ ಡಿಸ್ಕಿಗೆ ಇದೇನೂ ಭಾರ ಅಲ್ಲ. ಇದೇ ನಿಮ್ಮ ಮೂಲಪ್ರತಿ, ಅಳಿಸಬೇಡಿ. ಕಾಪಿ ಮಧ್ಯದಲ್ಲಿ ನಿಂತರೆ ಹತ್ತಾರು ಸಲ ಅದನ್ನೇ ಒತ್ತುತ್ತಾ ಕೂರಬೇಡಿ, ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನ ಇನ್ನೊಂದು ಓದೋದು ಬಹಳ ಸಲ ಆಗ್ತದೆ. ಲಿನಕ್ಸ್ ಗೊತ್ತಿರೋರು ಇದ್ದರೆ ಡಿಡಿ-ರೆಸ್ಕ್ಯೂ ಅನ್ನೋ ಸಾಧನ ಕೇಳಿ. ಅದು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಚೆನ್ನಾಗಿರೋದನ್ನೆಲ್ಲ ಮೊದಲು ಎತ್ಕೊಳ್ತದೆ.

ಮೂರನೇ ಹೆಜ್ಜೆ, ಫೋನಿನಲ್ಲಿ, ಟಿವಿಯಲ್ಲಿ ನಡೆಯೋ ಹಾಗೆ ಎಂಪಿ4 ಮಾಡೋದು. ಇದಕ್ಕೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್. ಆ ಫೋಲ್ಡರನ್ನ ಅದಕ್ಕೆ ತೋರಿಸಿ. ಒಳಗಿನ ವಿಡಿಯೋಗಳನ್ನ ಟೈಟಲ್ ಅಂತ ಪಟ್ಟಿ ಮಾಡ್ತದೆ, ಉದ್ದ ನೋಡಿ ಬೇಕಾದ್ದನ್ನ ಆರಿಸಿ. ಪ್ರೀಸೆಟ್: ಅಮೆರಿಕದ ಡಿಸ್ಕಿಗೆ ಫಾಸ್ಟ್ 480, ಇಂಗ್ಲೆಂಡಿನ ಪಾಲ್ ಡಿಸ್ಕಿಗೆ ಫಾಸ್ಟ್ 576.

ಇಲ್ಲಿ ಎಲ್ಲರೂ ಮಾಡೋ ನಾಲ್ಕು ತಪ್ಪು ಹೇಳಿಬಿಡ್ತೀನಿ.

ಒಂದು, ಎನ್‌ಟಿಎಸ್‌ಸಿಯನ್ನ ಪಾಲ್ ಮಾಡೋಕೆ ಹೋಗೋದು. ಬೇಡ. ಸೆಕೆಂಡಿಗೆ 30ರ ಹತ್ತಿರ ಇರೋ ಚಿತ್ರಗಳನ್ನ 25 ಮಾಡಿದರೆ ಚಲನೆ ಜರ್ಕ್ ಹೊಡೀತದೆ. ಫ್ರೇಮ್ ರೇಟ್ "ಸೇಮ್ ಆಸ್ ಸೋರ್ಸ್" ಇಡಿ. ಈಗಿನ ಟಿವಿಗಳು ಎರಡನ್ನೂ ತೋರಿಸ್ತವೆ.

ಎರಡು, 480 ಇರೋದನ್ನ 1080 ಮಾಡೋದು. ಇಲ್ಲದ ವಿವರ ಎಲ್ಲಿಂದ ಬರ್ತದೆ? ಮಜ್ಜಿಗೆಗೆ ನೀರು ಬೆರೆಸಿದ ಹಾಗೆ, ಫೈಲ್ ದೊಡ್ಡದಾಗ್ತದೆ ಅಷ್ಟೇ.

ಮೂರು, ಫಿಲ್ಟರ್ಸ್ ಹಾಳೆಯಲ್ಲಿ ಡಿಇಂಟರ್‌ಲೇಸ್ ಬಿಟ್ಟುಬಿಡೋದು. ಆ ಬಾಚಣಿಗೆ ಗೆರೆಗಳು ಹೊಸ ಫೈಲಿನಲ್ಲಿ ಖಾಯಂ ಆಗ್ತವೆ, ಆಮೇಲೆ ತೆಗೆಯೋದು ಕಷ್ಟ.

ನಾಲ್ಕು, ಆಕಾರ. ಡಿವಿಡಿಯ ಚುಕ್ಕೆಗಳು ಚೌಕ ಅಲ್ಲ. 720ಕ್ಕೆ 480 ಇರೋದು ಟಿವಿಯಲ್ಲಿ 4:3 ಆಗಿ ಕಾಣಬೇಕು, ಅಂದರೆ 640ಕ್ಕೆ 480ರ ಹಾಗೆ. ಹ್ಯಾಂಡ್‌ಬ್ರೇಕ್ ಅದನ್ನ ತಾನೇ ನೋಡ್ಕೊಳ್ತದೆ, ನೀವು ಕೈ ಹಾಕಬೇಡಿ. ಕೈ ಹಾಕಿದರೆ ಅತ್ತೆ ದಪ್ಪ, ಮಾವ ಗಿಡ್ಡ ಕಾಣ್ತಾರೆ, ಮನೇಲಿ ಜಗಳ.

ಗುಣಮಟ್ಟದ ಸಂಖ್ಯೆ ಆರ್‌ಎಫ್ ಅಂತ ಇರ್ತದೆ. ಅದು ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿಗೆ 18ರಿಂದ 22ರೊಳಗೆ ಇಟ್ಟರೆ ಸಾಕು. ಸ್ಟಾರ್ಟ್ ಒತ್ತಿ, ಹೋಗಿ ಒಂದು ಕಾಫಿ ಕುಡೀರಿ. ಆಮೇಲೆ ಫೈಲನ್ನ ಎರಡು ಕಡೆ ಇಡಿ: ಒಂದು ಮನೆಯ ಹಾರ್ಡ್ ಡಿಸ್ಕ್, ಇನ್ನೊಂದು ಬೇರೆ ಊರಿನಲ್ಲಿರೋ ಅಣ್ಣ-ತಮ್ಮ, ಅಕ್ಕ-ತಂಗಿ ಯಾರದಾದರೂ ಹತ್ತಿರ. ವಾಟ್ಸಾಪಿನಲ್ಲಿ ವಿಡಿಯೋ ಥರ ಕಳಿಸಿ "ಬ್ಯಾಕಪ್ ಆಯ್ತು" ಅಂದ್ಕೋಬೇಡಿ, ಅದು ಚಿತ್ರವನ್ನ ಹಿಂಡಿಬಿಡ್ತದೆ.

ಸಿನಿಮಾ ಡಿಸ್ಕ್ ಬಗ್ಗೆ ಒಂದು ಮಾತು

ಅಂಗಡಿಯ ಸಿನಿಮಾ ಡಿಸ್ಕಿಗೆ ರೀಜನ್ ಜೊತೆ ಸಿಎಸ್‌ಎಸ್ ಅನ್ನೋ ಬೀಗವೂ ಇರ್ತದೆ. 1999ರಲ್ಲೇ ನಾರ್ವೆಯ ಒಬ್ಬ ಹುಡುಗನ ಹೆಸರಿನ ಜೊತೆ ಆ ಬೀಗ ತೆರೆದ ಸುದ್ದಿ ಬಂತು. ಅವನ ಮೇಲೆ ಕೇಸ್ ನಡೆದು, 2003ರಲ್ಲಿ ಅವನು ನಿರ್ದೋಷಿ ಅಂತ ತೀರ್ಪಾಯ್ತು. ಹ್ಯಾಂಡ್‌ಬ್ರೇಕ್ ತಾನಾಗಿ ಈ ಬೀಗ ತೆಗೆಯಲ್ಲ, ಹಾಗಾಗಿ ಸಿನಿಮಾ ಡಿಸ್ಕ್ ಹಾಕಿದರೆ ಬರೀ ಕಲಬೆರಕೆ ಚಿತ್ರ ಬರಬಹುದು. ನಮ್ಮ ದೇಶದ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿತು: ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದ ತನಕ ಜೈಲು, ಜೊತೆಗೆ ದಂಡ. ಅಮೆರಿಕದ ಕಾನೂನು ಇನ್ನೂ ಬಿಗಿ. ನೀವು ಕೊಂಡ ಡಿಸ್ಕನ್ನ ನಿಮ್ಮ ಮನೇಲಿ ನೋಡೋದು ಬೇರೆ, ಕಾಪಿ ಮಾಡಿ ಹಂಚೋದು ಬೇರೆ. ಹಂಚೋ ಕೆಲಸಕ್ಕೆ ನನ್ನ ಹತ್ತಿರ ಸಲಹೆ ಕೇಳಬೇಡಿ.

ಮೂರನೇ ಡಿಸ್ಕ್

ಮೂರನೇದು ಏನಾಯ್ತು ಅಂತ ಕೇಳ್ತೀರಿ. ಅಕ್ಕನಿಗೆ ಫೋನ್ ಮಾಡಿದ್ವಿ. ಕ್ಯಾಮರಾ ಅವರ ಬೇಸ್‌ಮೆಂಟಿನಲ್ಲಿ ಒಂದು ಡಬ್ಬದಲ್ಲಿತ್ತು, ಬ್ಯಾಟರಿ ಸತ್ತಿತ್ತು, ಅಡಾಪ್ಟರ್ ಇತ್ತು. ಆ ಕಡೆ ಹೊರಟಿದ್ದ ಸಂಬಂಧಿಕರ ಕೈಯಲ್ಲಿ ಡಿಸ್ಕ್ ಕಳಿಸಿದ್ವಿ. ಹೋದ ದಾರಿಯಲ್ಲೇ ಅದು ಹದಿನಾರು ವರ್ಷದ ಮೇಲೆ ವಾಪಸ್ ಹೋಯ್ತು. ಭಾವ ಕ್ಯಾಮರಾಗೆ ಹಾಕಿ ಫೈನಲೈಜ್ ಒತ್ತಿದ್ರು. ಕೆಲವು ನಿಮಿಷ. ಆಯ್ತು ಅಂತು.

ಅರ್ಧ ಗಂಟೆಯ ಡಿಸ್ಕ್. ಸಿಕ್ಕಿದ್ದು ಹತ್ತೊಂಬತ್ತು ನಿಮಿಷ. ಹೊರಗಿನ ಅಂಚಿನ ಕಡೆಯದು ಯಾವ ಡ್ರೈವಿಗೂ ಓದಲಿಕ್ಕೆ ಬರಲಿಲ್ಲ. ಅಪ್ಪ ಅಡಿಗೆಮನೆ ಮೇಜಿನ ಹತ್ತಿರ ಕೂತು ಮೊಮ್ಮಗನಿಗೆ ಮಗ್ಗಿ ಹೇಳಿಕೊಡ್ತಾ ಇದ್ದಾರೆ. ಆ ಹುಡುಗ ಇಂಗ್ಲಿಷಿನಲ್ಲಿ ಹೇಳ್ತಾನೆ, ಅಪ್ಪ "ಹಂಗಲ್ಲೋ ತಮ್ಮಾ, ಕನ್ನಡದಾಗ ಹೇಳು, ಲಗೂ ಬರ್ತದ" ಅಂತಾರೆ. ಏಳರ ಮಗ್ಗಿ ಅರ್ಧ ಆಗೋವಾಗ ಚಿತ್ರ ನಿಲ್ತದೆ. ಮುಂದಿಲ್ಲ.

2006ರಲ್ಲೇ ಯಾರಾದರೂ "ಇದು ಕೆಟ್ಟಿಲ್ಲ, ಕಂಪ್ಯೂಟರಿಗೆ ಹಾಕಿ" ಅಂದಿದ್ದರೆ ಆ ಹನ್ನೊಂದು ನಿಮಿಷವೂ ಇರ್ತಿತ್ತು. ಅಪ್ಪ ತಾವೇ ಕೂತು ನೋಡ್ತಿದ್ರು. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಹಾಗಾಗಿ ಚೆನ್ನೈನವರೇ, ನಿಮಗೂ ಉಳಿದ ಎಲ್ಲರಿಗೂ ಒಂದೇ ಕೆಲಸ ಹೇಳ್ತೀನಿ. ಈ ಮಾತು ಮುಗಿದ ಕೂಡಲೇ ಕಪಾಟು ತೆಗೀರಿ. "ಫಾರಿನ್ ಫಾರ್ಮ್ಯಾಟ್" ಅಂತ ಪಕ್ಕಕ್ಕಿಟ್ಟ ಡಿಸ್ಕ್ ಎಷ್ಟಿವೆ ಎಣಿಸಿ. ಖಾಲಿ ಅಂತ ಹೇಳಿದ್ದನ್ನ ಬೆಳಕಿಗೆ ಹಿಡಿದು ನೋಡಿ. ಮೊದಲು ಕಾಪಿ ಮಾಡಿ, ಆಮೇಲೆ ಉಳಿದದ್ದು. ಎಲ್ಲಿ ಸಿಕ್ಕಿಹಾಕಿಕೊಂಡ್ರಿ ಅಂತ ಬರೆದು ತಿಳಿಸಿ, ಡ್ರೈವ್ ಯಾವುದು, ಪರದೆ ಮೇಲೆ ಏನು ಬಂತು ಅಂತ ಸರಿಯಾಗಿ ಬರೀರಿ. ಆದಷ್ಟು ಉತ್ತರ ಕೊಡ್ತೀನಿ.

ಕುಕ್ಕರ್ ಮೂರು ಸೀಟಿ ಆಯ್ತು. ಬರ್ತೀನಿ. ನಮಸ್ಕಾರ.